ಗಣಕಯಂತ್ರದ ದಿನಚರಿ ಮತ್ತು ತೀವ್ರತೆಯ ಹಂತಗಳು

ಮುಂಬಯಿಯಿಂದ ಕರ್ಜತ್ ಕಡೆಗೆ ಸಾಗುವ ಮಧ್ಯ ರೈಲ್ವೆಯ ಮಾರ್ಗದಲ್ಲಿ, ಕಲ್ಯಾಣ ಜಂಕ್ಷನ್ ದಾಟಿದ ಮೇಲೆ ಸಿಗುವ ಅಂಬರನಾಥ ಇಂದು ಹೆಚ್ಚಾಗಿ ಕಾರ್ಖಾನೆಗಳ ಊರೆಂದೇ ಪರಿಚಿತ. ಮುಂಜಾನೆಯ ಲೋಕಲ್ ಗಾಡಿಗಳಲ್ಲಿ ಇಲ್ಲಿಂದಲೂ ನೆರೆಯ ಬದ್ಲಾಪುರ, ಉಲ್ಹಾಸನಗರ, ಡೊಂಬಿವಲಿಗಳಿಂದಲೂ ಅಸಂಖ್ಯ ಜನ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಯ ಐರೋಲಿ, ರಬಾಳೆ, ಮಹಾಪೆಗಳ ಕಚೇರಿಗಳನ್ನು ಸೇರುತ್ತಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. ದೇಶದ ದೊಡ್ಡ ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಕೆಲವು ಆ ಪ್ರದೇಶದಲ್ಲಿಯೇ ಇವೆ. ಅಲ್ಲಿ ಹಗಲಿರುಳೂ ದುಡಿಯುವ ಗಣಕಯಂತ್ರಗಳು ತಾವು ಮಾಡಿದ ಪ್ರತಿಯೊಂದು ಕೆಲಸವನ್ನೂ, ಮಾಡಲಾಗದೆ ಬಿಟ್ಟ ಪ್ರತಿಯೊಂದು ಕೆಲಸವನ್ನೂ ಒಂದು ಕಡತದಲ್ಲಿ ಸಾಲು ಸಾಲಾಗಿ ಬರೆದಿಡುತ್ತ ಹೋಗುತ್ತವೆ. ಈ ಬರವಣಿಗೆಗೆ ‘ಲಾಗ್’ ಎಂದು ಹೆಸರು. ಕನ್ನಡದಲ್ಲಿ ಅದನ್ನು ಯಂತ್ರದ ದಿನಚರಿ ಎಂದು ಕರೆಯಬಹುದು.

ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಲಾಗ್ ಎಂದರೆ ಇಂಗ್ಲಿಷಿನಲ್ಲಿ ಮರದ ದಿಮ್ಮಿ. ಹಾಯಿಹಡಗುಗಳ ಕಾಲದಲ್ಲಿ ನಾವಿಕರು ಗಂಟುಗಳಿರುವ ಹಗ್ಗದ ತುದಿಗೆ ಮರದ ತುಂಡೊಂದನ್ನು ಕಟ್ಟಿ ಕಡಲಿಗೆ ಎಸೆದು, ನಿಗದಿಯಾದ ಅವಧಿಯಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದವೆಂದು ಎಣಿಸಿ ಹಡಗಿನ ವೇಗವನ್ನು ಕಂಡುಕೊಳ್ಳುತ್ತಿದ್ದರು. ಆ ಲೆಕ್ಕವನ್ನು ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯಿತು. ಮುಂದೆ ಗಾಳಿ, ಅಲೆ, ರೋಗ, ದಂಗೆ ಎಲ್ಲವೂ ಅದೇ ಪುಸ್ತಕವನ್ನು ಸೇರಿದವು. ಹಡಗಿನ ದಿನಚರಿಯಲ್ಲಿ ಅಧಿಕಾರಿಯು ತನಗೆ ಮುಖ್ಯವೆನಿಸಿದುದನ್ನು ಮಾತ್ರ ಬರೆಯುತ್ತಿದ್ದನು. ಗಣಕಯಂತ್ರಕ್ಕೆ ಅಂಥ ವಿವೇಚನೆ ಸ್ವಭಾವತಃ ಇಲ್ಲ. ಮುಖ್ಯ ಯಾವುದು, ಅಮುಖ್ಯ ಯಾವುದು ಎಂಬುದನ್ನು ಪ್ರೋಗ್ರಾಂ ಬರೆಯುವವರೇ ಅದಕ್ಕೆ ಮೊದಲೇ ಹೇಳಿಕೊಡಬೇಕಾಗುತ್ತದೆ. ಪ್ರತಿಯೊಂದು ಸಂದೇಶಕ್ಕೂ ಅದರ ತೀವ್ರತೆಯ ಹಂತವನ್ನು ನಿಗದಿಪಡಿಸುವ ಪದ್ಧತಿ ಹುಟ್ಟಿದ್ದು ಈ ಅಗತ್ಯದಿಂದ.

ತೀವ್ರತೆಯ ಹಂತ ಎಂಬ ಕಲ್ಪನೆ ಅಂಬರನಾಥದ ನಿವಾಸಿಗಳಿಗೆ ಹೊಸದೇನಲ್ಲ. ಪ್ರತಿ ಮಳೆಗಾಲದಲ್ಲಿಯೂ ಅವರು ಅದನ್ನು ಬಣ್ಣಗಳ ರೂಪದಲ್ಲಿ ಕೇಳುತ್ತಾರೆ. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಂತೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರಿನವರೆಗೆ ಬಿದ್ದರೆ ಅದು ಭಾರೀ ಮಳೆ; 115.6ರಿಂದ 204.4ರವರೆಗೆ ಅತಿ ಭಾರೀ. ಅದನ್ನೂ ಮೀರಿದರೆ ಅತ್ಯಂತ ಭಾರೀ. ಇದು ಮಳೆಯ ಅಳತೆ. ಜನರಿಗೆ ನೀಡುವ ಎಚ್ಚರಿಕೆಯಾದರೋ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಲ್ಲಿರುತ್ತದೆ. ಹಸಿರೆಂದರೆ ಏನೂ ಮಾಡಬೇಕಾಗಿಲ್ಲ, ಹಳದಿಯೆಂದರೆ ಗಮನವಿಟ್ಟಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕ್ರಮ ಕೈಗೊಳ್ಳಿ. ಮಿಲಿಮೀಟರು ಮೋಡಕ್ಕೆ ಸಂಬಂಧಿಸಿದ ಸಂಗತಿ, ಬಣ್ಣ ಮನುಷ್ಯನಿಗೆ ಸಂಬಂಧಿಸಿದುದು. 2019ರ ಜುಲೈ 27ರಂದು ಉಲ್ಹಾಸ ನದಿಯ ಪ್ರವಾಹದಿಂದಾಗಿ ಬದ್ಲಾಪುರ ಮತ್ತು ವಾಂಗಣಿಗಳ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಜಲಾವೃತವಾಗಿ ನಿಂತು, ಸುಮಾರು 1,050 ಮಂದಿ ಪ್ರಯಾಣಿಕರನ್ನು ರಕ್ಷಿಸಬೇಕಾಗಿ ಬಂದಾಗ, ಮಳೆಯ ಅಂಕಿಗಳಿಗೂ ಮನುಷ್ಯ ಕೈಗೊಳ್ಳಬೇಕಾದ ಕ್ರಮಕ್ಕೂ ಇರುವ ಸಂಬಂಧವನ್ನು ಆ ಪ್ರದೇಶದ ಜನ ಕಣ್ಣಾರೆ ಕಂಡರು. ಪ್ರೋಗ್ರಾಂನ ಸಂದೇಶಗಳನ್ನು ವಿಂಗಡಿಸುವಾಗಲೂ ಈ ಮಾತು ನೆನಪಿನಲ್ಲಿರಬೇಕು: ಹಂತವನ್ನು ನಿರ್ಣಯಿಸುವುದು ಘಟನೆಯ ಗಾತ್ರವಷ್ಟೇ ಅಲ್ಲ, ಸಂದೇಶವನ್ನು ಓದಿದವನು ಮಾಡಬೇಕಾದ ಕೆಲಸ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಅಂಬರನಾಥದ ಔದ್ಯೋಗಿಕ ಪ್ರದೇಶದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ 20 ಪಾತ್ರೆಗಳಿವೆ. ಪ್ರತಿ 10 ಸೆಕೆಂಡಿಗೊಮ್ಮೆ ಪ್ರತಿಯೊಂದು ಪಾತ್ರೆಯ ಉಷ್ಣತೆಯನ್ನು ಓದಿ, ಅಗತ್ಯಬಿದ್ದಾಗ ತಣ್ಣೀರಿನ ಕವಾಟವನ್ನು ತೆರೆಯುವ ಪ್ರೋಗ್ರಾಂ ಒಂದಿದೆ. ಅದನ್ನು ಬರೆದವರು ಎಲ್ಲ ಆರಂಭಿಕರಂತೆಯೇ, ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು ಅಲ್ಲಲ್ಲಿ ‘ಇದನ್ನು ಪರದೆಯ ಮೇಲೆ ತೋರಿಸು’ ಎಂಬ ಆದೇಶಗಳನ್ನು ಸೇರಿಸಿದ್ದಾರೆ. ಒಂದು ಓದಿಗೆ ಒಂದು ಸಾಲಿನಂತೆ ದಿನಕ್ಕೆ 1,72,800 ಸಾಲುಗಳಾಗುತ್ತವೆ. ಸೆಕೆಂಡಿಗೊಂದು ಸಾಲಿನಂತೆ ಎಡೆಬಿಡದೆ ಓದಿದರೂ ಒಂದು ದಿನದ ದಿನಚರಿಯನ್ನು ಮುಗಿಸಲು 48 ಗಂಟೆ ಬೇಕು. ಆ ಸಾಲುಗಳ ನಡುವೆ ಎಲ್ಲೋ ‘ಏಳನೆಯ ಪಾತ್ರೆಯ ಕವಾಟ ತೆರೆಯಲಿಲ್ಲ’ ಎಂಬ ಒಂದು ಸಾಲು ಹುದುಗಿರುತ್ತದೆ. ಬರೆದಿಟ್ಟಿದೆ ನಿಜ, ಆದರೆ ಯಾರೂ ಅದನ್ನು ಓದಲಿಲ್ಲ.

ಇದಕ್ಕೆ ಸಾಮಾನ್ಯವಾಗಿ ಮಾಡುವ ಮೊದಲ ಚಿಕಿತ್ಸೆ ಆ ಆದೇಶಗಳನ್ನೇ ಅಳಿಸಿಹಾಕುವುದು. ಆಗ ಪರದೆ ಶುಭ್ರವಾಗುತ್ತದೆ. ಆದರೆ ಮುಂದಿನ ಬಾರಿ ತೊಂದರೆ ಬಂದಾಗ ಮಾಹಿತಿ ಇರುವುದಿಲ್ಲವಾದ್ದರಿಂದ ಅವೇ ಆದೇಶಗಳನ್ನು ಮತ್ತೆ ಸೇರಿಸಬೇಕಾಗುತ್ತದೆ. ಸೇರಿಸಲು ಪ್ರೋಗ್ರಾಂಅನ್ನು ನಿಲ್ಲಿಸಬೇಕು. ನಿಲ್ಲಿಸಿ ಮತ್ತೆ ಆರಂಭಿಸಿದಾಗ, ಹುಡುಕುತ್ತಿದ್ದ ದೋಷವೇ ಕಾಣೆಯಾಗಿರುವುದು ಈ ವೃತ್ತಿಯಲ್ಲಿರುವವರಿಗೆಲ್ಲ ಚಿರಪರಿಚಿತ.

ತೀವ್ರತೆಯ ಹಂತಗಳನ್ನು ಅಳವಡಿಸುವ ವಿಧಾನ ಇದಕ್ಕಿಂತ ಉತ್ತಮ. ಮತ್ತು ಅಚ್ಚರಿಯೆನಿಸುವಷ್ಟು ಸರಳ. ಪರದೆಗೆ ನೇರವಾಗಿ ಬರೆಯುವ ಬದಲು ಪ್ರೋಗ್ರಾಂನ ಎಲ್ಲ ಭಾಗಗಳೂ ಸಂದೇಶವನ್ನು ಒಂದೇ ಉಪವಿಭಾಗದ ಕೈಗೆ ಒಪ್ಪಿಸುತ್ತವೆ. ಒಪ್ಪಿಸುವಾಗ ಸಂದೇಶದೊಡನೆ ಅದರ ತೀವ್ರತೆಯನ್ನು ಸೂಚಿಸುವ ಅಂಕಿಯೂ ಇರುತ್ತದೆ. ಉಪವಿಭಾಗದ ಬಳಿ ‘ಮಿತಿ’ ಎಂಬ ಇನ್ನೊಂದು ಅಂಕಿ ಇರುತ್ತದೆ. ಎರಡನ್ನೂ ಹೋಲಿಸಿ, ಸಂದೇಶ ಮಿತಿಯನ್ನು ಮುಟ್ಟಿದರೆ ಬರೆಯುವುದು, ಇಲ್ಲವಾದರೆ ಬಿಟ್ಟುಬಿಡುವುದು: ಕೆಲಸ ಇಷ್ಟೇ. ಮಿತಿಯ ಅಂಕಿಯನ್ನು ಪ್ರೋಗ್ರಾಂನ ಒಳಗೆ ಹುದುಗಿಸದೆ ಹೊರಗಿನ ಒಂದು ಪುಟ್ಟ ಕಡತದಲ್ಲಿಡುವುದು ಇಲ್ಲಿಯ ಮುಖ್ಯ ಜಾಣತನ. ಹಾಗಿದ್ದಾಗ, ಪ್ರೋಗ್ರಾಂನ ಒಂದಕ್ಷರವನ್ನೂ ಮುಟ್ಟದೆ, ಸಹಜ ದಿನಗಳಲ್ಲಿ ಎಚ್ಚರಿಕೆಗಳನ್ನಷ್ಟೇ ಬರೆಸಿ, ಅನುಮಾನ ಬಂದ ದಿನ ಪ್ರತಿಯೊಂದು ವಿವರವನ್ನೂ ಬರೆಸಬಹುದು.

ಈ ಪದ್ಧತಿಯ ಮೂಲಪುರುಷರಲ್ಲಿ ಎರಿಕ್ ಆಲ್‌ಮನ್ ಪ್ರಮುಖರು. 1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯುನ್ಮಾನ ಅಂಚೆಯನ್ನು ರವಾನಿಸುವ ‘ಸೆಂಡ್‌ಮೇಲ್’ ಎಂಬ ಪ್ರೋಗ್ರಾಂಗಾಗಿ ಅವರು ‘ಸಿಸ್‌ಲಾಗ್’ ಅನ್ನು ರೂಪಿಸಿದರು. ಅದರ ಉಪಯುಕ್ತತೆಯನ್ನು ಕಂಡು ಇತರರೂ ಅದನ್ನೇ ಅನುಸರಿಸಿದರು. ಅಚ್ಚುಕಟ್ಟಾದ ಮಾನಕವಾಗಿ ಅದು ಪ್ರಕಟವಾದುದು 2009ರಲ್ಲಿ. ಸಿಸ್‌ಲಾಗ್‌ನಲ್ಲಿ ಎಂಟು ಹಂತಗಳು: 0 ತುರ್ತುಸ್ಥಿತಿ, 1 ತಕ್ಷಣ ಕ್ರಮ, 2 ಗಂಭೀರ, 3 ದೋಷ, 4 ಎಚ್ಚರಿಕೆ, 5 ಗಮನಾರ್ಹ ಸೂಚನೆ, 6 ಮಾಹಿತಿ, 7 ದೋಷಶೋಧನೆ. ಇಲ್ಲಿ ಅಂಕಿ ಇಳಿದಷ್ಟೂ ತೀವ್ರತೆ ಏರುತ್ತದೆ. 2003ರಲ್ಲಿ ಪೈಥಾನ್ ಭಾಷೆಯೊಡನೆ ಬಂದ ಲಾಗಿಂಗ್ ವ್ಯವಸ್ಥೆಯಲ್ಲಿ ಇದು ತಲೆಕೆಳಗು: ದೋಷಶೋಧನೆಗೆ 10, ಮಾಹಿತಿಗೆ 20, ಎಚ್ಚರಿಕೆಗೆ 30, ದೋಷಕ್ಕೆ 40, ಗಂಭೀರಕ್ಕೆ 50. ನಡುವೆ ಹತ್ತು ಹತ್ತು ಅಂಕಿಗಳ ಅಂತರವಿರುವುದರಿಂದ, ಬೇಕೆನಿಸಿದರೆ ಎರಡು ಹಂತಗಳ ಮಧ್ಯೆ ಹೊಸದೊಂದನ್ನು ಸೇರಿಸಲು ಎಡೆಯಿದೆ. ಹಿಂದೆ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆದವರು ಸಾಲುಗಳಿಗೆ 10, 20, 30 ಎಂದು ಸಂಖ್ಯೆ ಕೊಡುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಆದರೆ ಎಡೆಯಿದೆಯೆಂದು ಹಂತಗಳನ್ನು ಹೆಚ್ಚಿಸುತ್ತ ಹೋಗುವುದು ವಿವೇಕವಲ್ಲ. ಬಹುಪಾಲು ಪ್ರೋಗ್ರಾಂಗಳಿಗೆ ಐದೇ ಹಂತಗಳು ಧಾರಾಳವಾಗಿ ಸಾಕು.

ಹಂತಗಳ ಹೆಸರುಗಳನ್ನು ಕಲಿಯುವುದು ಒಂದು ಗಂಟೆಯ ಕೆಲಸ. ಯಾವ ಸಂದೇಶಕ್ಕೆ ಯಾವ ಹಂತ ಎಂದು ನಿರ್ಣಯಿಸುವುದೇ ಕಠಿನ. ಮೇಲಿನ ಕಾರ್ಖಾನೆಯ ಉದಾಹರಣೆಯನ್ನೇ ನೋಡಬಹುದು. ಹತ್ತು ಸೆಕೆಂಡಿಗೊಮ್ಮೆ ಓದುವ ಉಷ್ಣತೆ ದೋಷಶೋಧನೆಯ ಹಂತಕ್ಕೆ ಸೇರಿದುದು. ಹೊಸ ತಯಾರಿಕೆಯ ಸರದಿ ಆರಂಭವಾಯಿತು, ಮುಗಿಯಿತು ಎಂಬುದು ಮಾಹಿತಿ. ಉಷ್ಣತೆ ಮಿತಿಯ ಸಮೀಪಕ್ಕೆ ಬಂದಿದೆ ಎಂಬುದು ಎಚ್ಚರಿಕೆ. ಉಷ್ಣತಾಮಾಪಕ ಉತ್ತರವನ್ನೇ ಕೊಡುತ್ತಿಲ್ಲವೆಂದರೆ ಅದು ದೋಷ. ಮಿತಿ ಮೀರಿದೆ, ಕವಾಟವೂ ತೆರೆಯುತ್ತಿಲ್ಲ ಎಂದರೆ ಅದು ಗಂಭೀರ. ಆ ಸಂದೇಶ ಕಡತದಲ್ಲಿ ಕುಳಿತಿದ್ದರೆ ಸಾಲದು, ಗಂಟೆಯನ್ನು ಬಾರಿಸಬೇಕು, ಮೇಲ್ವಿಚಾರಕರ ದೂರವಾಣಿಗೂ ಹೋಗಬೇಕು. ಇನ್ನು ಮಾಪಕ ಒಮ್ಮೆ ಉತ್ತರಿಸದೆ ಮರುಕ್ಷಣದಲ್ಲಿ ಉತ್ತರಿಸಿತೆಂದರೆ? ಅನೇಕರು ಇದನ್ನೂ ದೋಷವೆಂದೇ ಬರೆಸುತ್ತಾರೆ. ಅದು ಸರಿಯಲ್ಲ. ಪ್ರೋಗ್ರಾಂ ತಾನೇ ಸರಿಪಡಿಸಿಕೊಂಡ ಸಂಗತಿ ಹೆಚ್ಚೆಂದರೆ ಮಾಹಿತಿಯಾದೀತು. ಒಂದು ಗಂಟೆಯಲ್ಲಿ ಅದು ಇಪ್ಪತ್ತು ಬಾರಿ ನಡೆದರೆ ಆಗ ಎಚ್ಚರಿಕೆಯ ಹಂತಕ್ಕೇರಿಸುವುದು ಯುಕ್ತ.

ಹಂತವನ್ನು ಅಗತ್ಯಕ್ಕಿಂತ ಮೇಲೇರಿಸುವ ಚಪಲ ಎಲ್ಲೆಡೆಯೂ ಕಂಡುಬರುತ್ತದೆ. ತನ್ನ ಸಂದೇಶವೇ ಎಲ್ಲರ ಕಣ್ಣಿಗೆ ಬೀಳಬೇಕೆಂಬುದು ಪ್ರತಿಯೊಬ್ಬ ಪ್ರೋಗ್ರಾಂ ಲೇಖಕರ ಆಸೆ. ಸರ್ಕಾರಿ ಕಚೇರಿಗಳಲ್ಲಿ ಪ್ರತಿಯೊಂದು ಕಡತದ ಮೇಲೂ ‘ತುರ್ತು’ ಎಂಬ ಚೀಟಿ ಬಿದ್ದಾಗ ಏನಾಗುತ್ತದೆಂಬುದನ್ನು ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಆದರೆ ಕಾರ್ಖಾನೆಯಲ್ಲಿ ಅದರ ಬೆಲೆ ಬೇರೆ. 1994ರ ಜುಲೈ 24ರಂದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಮಿಲ್‌ಫರ್ಡ್ ಹೇವನ್‌ನ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟ ಸಂಭವಿಸಿ 26 ಮಂದಿ ಗಾಯಗೊಂಡರು. ಸ್ಫೋಟಕ್ಕೆ ಮುಂಚಿನ ಕೊನೆಯ 11 ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಎಚ್ಚರಿಕೆಯ ಸಂದೇಶಗಳು ಬಂದಿದ್ದವು ಎಂಬುದು ತನಿಖೆಯಿಂದ ತಿಳಿದುಬಂದಿತು. ಸುಮಾರು ಎರಡೂವರೆ ಸೆಕೆಂಡಿಗೆ ಒಂದು! ಎಚ್ಚರಿಕೆಗಳು ಮಿತಿಮೀರಿದ್ದವು, ಅವುಗಳ ಆದ್ಯತೆಯ ಕ್ರಮವೂ ಸರಿಯಾಗಿರಲಿಲ್ಲ. ಇಂಥ ಅನುಭವಗಳ ಫಲವಾಗಿಯೇ ಕಾರ್ಖಾನೆಗಳ ಎಚ್ಚರಿಕೆ ವ್ಯವಸ್ಥೆಯನ್ನು ಕುರಿತ ಮಾರ್ಗದರ್ಶಿ ಸೂತ್ರಗಳು ಬ್ರಿಟನ್ನಿನಲ್ಲಿ 1999ರಲ್ಲಿ ಪ್ರಕಟವಾದವು.

ಇದಕ್ಕೂ ಮುಂಚೆ, 1979ರ ಮಾರ್ಚ್ 28ರಂದು, ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಅವಘಡವಾದಾಗ ಆರಂಭದ ನಿಮಿಷಗಳಲ್ಲಿಯೇ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಮೊಳಗಿದವು. ಅವನ್ನು ಕಾಗದದ ಮೇಲೆ ಮುದ್ರಿಸುತ್ತಿದ್ದ ಯಂತ್ರವು ವೇಗ ಸಾಲದೆ ಹಿಂದುಳಿಯಿತು. ಒಂದು ಹಂತದಲ್ಲಿ ಅದು ನಡೆಯುತ್ತಿದ್ದ ಘಟನೆಗಳಿಗಿಂತ ಎರಡೂವರೆ ಗಂಟೆಗಳಷ್ಟು ಹಿಂದಿತ್ತು. ನಿರ್ವಾಹಕರು ಓದುತ್ತಿದ್ದುದು ವರ್ತಮಾನವನ್ನಲ್ಲ, ಇತಿಹಾಸವನ್ನು. ತೀವ್ರವಾದ ಸಂದೇಶಕ್ಕೆ ಸರದಿಯನ್ನು ಮುರಿದು ಮುಂದೆ ಬರುವ ಹಕ್ಕಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೂರನೆಯ ಘಟನೆ ಇವಕ್ಕೆ ವ್ಯತಿರಿಕ್ತವಾದುದು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗವೂ ಕೆನಡಾದ ಒಂದು ಭಾಗವೂ ಕತ್ತಲೆಯಲ್ಲಿ ಮುಳುಗಿ, ಸುಮಾರು 5 ಕೋಟಿ ಜನ ವಿದ್ಯುತ್ತಿಲ್ಲದೆ ತೊಂದರೆಗೊಳಗಾದರು. ಅಂದು ಮಧ್ಯಾಹ್ನ ಒಹೈಯೊ ರಾಜ್ಯದ ವಿದ್ಯುತ್ ಸಂಸ್ಥೆಯೊಂದರ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ನೀಡುವ ಪ್ರೋಗ್ರಾಂ 2 ಗಂಟೆ 14 ನಿಮಿಷಕ್ಕೆ ಸದ್ದಿಲ್ಲದೆ ಸ್ತಬ್ಧವಾಗಿತ್ತು. ಅದು ಸ್ತಬ್ಧವಾಗಿದೆಯೆಂಬ ಸಂದೇಶವನ್ನು ಕೊಡುವ ಏರ್ಪಾಡು ಇರಲಿಲ್ಲ. ಎಚ್ಚರಿಕೆ ಬಾರದಿದ್ದುದರಿಂದ ಎಲ್ಲವೂ ಕ್ಷೇಮವೆಂದು ನಿರ್ವಾಹಕರು ತಿಳಿದರು. ಮೌನ ಸಮ್ಮತಿಯ ಲಕ್ಷಣವೆಂಬ ಮಾತು ಮನುಷ್ಯರ ಮಟ್ಟಿಗೆ ನಿಜವಿದ್ದೀತು, ಯಂತ್ರಗಳಿಗೆ ಅನ್ವಯಿಸದು. ಆದ್ದರಿಂದ ‘ಕ್ಷೇಮವಾಗಿದ್ದೇನೆ’ ಎಂಬ ಒಂದು ಸಾಲನ್ನು ಪ್ರೋಗ್ರಾಂ ನಿಯತ ಅವಧಿಗೊಮ್ಮೆ ಮಾಹಿತಿಯ ಹಂತದಲ್ಲಿ ಬರೆಯಬೇಕು. ಆ ಸಾಲು ಬಾರದಿದ್ದರೆ ಬೇರೊಂದು ಯಂತ್ರವು ಅದನ್ನು ದೋಷವೆಂದು ಪರಿಗಣಿಸಬೇಕು.

ಡೊಂಬಿವಲಿಯ ಔದ್ಯೋಗಿಕ ಪ್ರದೇಶದಲ್ಲಿ 2016ರ ಮೇ 26ರಂದೂ 2024ರ ಮೇ 23ರಂದೂ ಭೀಕರ ಸ್ಫೋಟಗಳು ಸಂಭವಿಸಿ ಜೀವಹಾನಿಯಾಯಿತು. ಅವುಗಳ ಕಾರಣಗಳು ಇಲ್ಲಿಯ ವಿಷಯವಲ್ಲ. ಆದರೆ ಕಲ್ಯಾಣ–ಅಂಬರನಾಥ ಪ್ರದೇಶದಲ್ಲಿ ವಸತಿ ಮತ್ತು ಕಾರ್ಖಾನೆಗಳು ಎಷ್ಟು ಸಮೀಪದಲ್ಲಿವೆ ಎಂಬುದನ್ನು ಬಲ್ಲವರು, ಯಂತ್ರವು ಬರೆಯುವ ಒಂದು ಸಾಲು ಸಕಾಲದಲ್ಲಿ ಸರಿಯಾದ ವ್ಯಕ್ತಿಯನ್ನು ತಲುಪುವುದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲವೆಂದು ಒಪ್ಪುತ್ತಾರೆ.

ಎಲ್ಲವನ್ನೂ ಬರೆದಿಡಬೇಕೆ, ಕೆಲವನ್ನೇ ಬರೆದಿಡಬೇಕೆ ಎಂಬ ಜಿಜ್ಞಾಸೆಗೆ ರೈಲ್ವೆಯವರು ಕಂಡುಕೊಂಡ ಉತ್ತರ ಗಮನಾರ್ಹ. ಸಿಗ್ನಲ್‌ಗಳನ್ನು ನಿಯಂತ್ರಿಸುವ ರಿಲೇ ಕೊಠಡಿಗಳಲ್ಲಿ ‘ಡೇಟಾ ಲಾಗರ್’ ಎಂಬ ಉಪಕರಣವಿರುತ್ತದೆ. ಯಾವ ರಿಲೇ ಯಾವ ಕ್ಷಣದಲ್ಲಿ ಎತ್ತಿತು, ಯಾವುದು ಬಿತ್ತು, ಯಾವ ಗುಂಡಿಯನ್ನು ಒತ್ತಲಾಯಿತು, ಹಳಿಯ ಯಾವ ಭಾಗದ ಮೇಲೆ ಗಾಡಿ ಇತ್ತು ಎಂಬುದೆಲ್ಲವನ್ನೂ ಅದು ಕಾಲಸಹಿತವಾಗಿ ದಾಖಲಿಸುತ್ತದೆ. ಅಪಘಾತ ಅಥವಾ ವೈಫಲ್ಯದ ತನಿಖೆಗೆ ಆ ದಾಖಲೆಯೇ ಆಧಾರ. ಆದರೆ ಸಿಬ್ಬಂದಿಯ ಗಮನಕ್ಕೆ ಬರುವುದು ಅದರಲ್ಲಿ ಆಯ್ದ ಕೆಲವು ವೈಫಲ್ಯ ಸೂಚನೆಗಳು ಮಾತ್ರ. ದಾಖಲೆಗೆ ಒಂದು ಮಿತಿ, ಎಚ್ಚರಿಕೆಗೆ ಮತ್ತೊಂದು. ಆಧುನಿಕ ಲಾಗಿಂಗ್ ವ್ಯವಸ್ಥೆಗಳಲ್ಲಿಯೂ ಹೀಗೆಯೇ ಒಂದೇ ಸಂದೇಶವನ್ನು ಹಲವು ದಾರಿಗಳಲ್ಲಿ ಕಳುಹಿಸಿ, ಪ್ರತಿಯೊಂದು ದಾರಿಗೂ ಬೇರೆ ಬೇರೆ ಮಿತಿಯನ್ನು ಇಡಬಹುದು: ಕಡತಕ್ಕೆ ಮಾಹಿತಿಯ ಹಂತದಿಂದ ಮೇಲಿನವು, ಪರದೆಗೆ ಎಚ್ಚರಿಕೆಯಿಂದ ಮೇಲಿನವು, ದೂರವಾಣಿಗೆ ಗಂಭೀರವಾದವು ಮಾತ್ರ. ಇನ್ನೂ ಒಂದು ಉಪಾಯವಿದೆ. ದೋಷಶೋಧನೆಯ ಸಾಲುಗಳಲ್ಲಿ ಇತ್ತೀಚಿನ ಕೆಲವು ನೂರನ್ನು ಕಡತಕ್ಕೆ ಬರೆಯದೆ ಸ್ಮೃತಿಕೋಶದಲ್ಲಿಯೇ ಇಟ್ಟುಕೊಂಡು, ಹೊಸದು ಬಂದಂತೆ ಹಳೆಯದನ್ನು ಅಳಿಸುತ್ತ, ದೋಷದ ಹಂತದ ಸಂದೇಶವೊಂದು ಬಂದ ಒಡನೆ ಎಲ್ಲವನ್ನೂ ಒಮ್ಮೆಗೇ ಕಡತಕ್ಕೆ ಸುರಿಯುವುದು. ಆಗ ಕಡತವೂ ಊದಿಕೊಳ್ಳುವುದಿಲ್ಲ, ದೋಷಕ್ಕೆ ಮುಂಚಿನ ಕ್ಷಣಗಳ ವಿವರವೂ ಕೈತಪ್ಪುವುದಿಲ್ಲ.

ಬರೆಯಬಾರದವುಗಳ ಬಗೆಗೂ ಎರಡು ಮಾತು ಅವಶ್ಯ. ದೋಷಶೋಧನೆಯ ಉತ್ಸಾಹದಲ್ಲಿ ಬಳಕೆದಾರರ ಗುಪ್ತಪದ, ಆಧಾರ್ ಸಂಖ್ಯೆ, ಬ್ಯಾಂಕಿನ ವಿವರಗಳು ದಿನಚರಿಗೆ ಸೇರಿಕೊಳ್ಳುವುದುಂಟು. 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆ ತನ್ನ ಆಂತರಿಕ ಲಾಗ್‌ನಲ್ಲಿ ಗುಪ್ತಪದಗಳು ಮರೆಮಾಚದ ರೂಪದಲ್ಲಿಯೇ ದಾಖಲಾಗಿದ್ದುವೆಂದು ಪ್ರಕಟಿಸಿ, 33 ಕೋಟಿ ಬಳಕೆದಾರರಿಗೆ ಅವನ್ನು ಬದಲಿಸುವಂತೆ ಸೂಚಿಸಿತು. ಲಾಗಿಂಗ್ ತಂತ್ರಾಂಶವೇ ಅಪಾಯದ ದ್ವಾರವಾಗುವುದೂ ಸಾಧ್ಯ: 2021ರ ಡಿಸೆಂಬರ್‌ನಲ್ಲಿ ಜಾವಾ ಭಾಷೆಯ ‘ಲಾಗ್‌4ಜೆ’ಯಲ್ಲಿ ಬೆಳಕಿಗೆ ಬಂದ ದೋಷದಿಂದಾಗಿ, ಹೊರಗಿನವರು ಕಳುಹಿಸಿದ ಪಠ್ಯವನ್ನು ಬರೆದಿಡುವ ಕ್ರಿಯೆಯಲ್ಲಿಯೇ ಯಂತ್ರವು ಅವರ ವಶವಾಗುವ ಸಂಭವವಿತ್ತು. ದುರಸ್ತಿಗಾಗಿ ಜಗತ್ತಿನಾದ್ಯಂತ ತಂತ್ರಜ್ಞರು ವಾರಗಟ್ಟಲೆ ದುಡಿದರು.

ಭಾರತದಲ್ಲಿ ಈ ದಿನಚರಿಗಳಿಗೆ ಈಗ ಶಾಸನಬದ್ಧ ಮಹತ್ವವೂ ಇದೆ. ಗಣಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಂತೆ ಸಂಸ್ಥೆಗಳು ತಮ್ಮ ಲಾಗ್‌ಗಳನ್ನು 180 ದಿನಗಳ ಕಾಲ ಸುರಕ್ಷಿತವಾಗಿ ಕಾಯ್ದಿಡಬೇಕು. ನಿಗದಿತ ಬಗೆಯ ಸುರಕ್ಷತಾ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಕಾಲಮಾನಕ್ಕೆ ಹೊಂದಿಸಿಕೊಳ್ಳಬೇಕು. ಕೊನೆಯ ಅಂಶ ಸಣ್ಣದೆಂದು ತೋರಬಹುದು. ಆದರೆ ಎರಡು ಯಂತ್ರಗಳ ಗಡಿಯಾರಗಳು ಮೂರು ನಿಮಿಷ ವ್ಯತ್ಯಾಸವಾಗಿದ್ದರೆ, ಕಾರಣ ಮೊದಲೋ ಪರಿಣಾಮ ಮೊದಲೋ ಎಂಬುದೇ ತಿಳಿಯದೆ ಹೋಗುತ್ತದೆ. ಅಂಬರನಾಥದ ಪುರಾತನ ಶಿವಾಲಯದ ಶಾಸನದಲ್ಲಿ ಶಕ 982, ಎಂದರೆ ಕ್ರಿ.ಶ. 1060, ಎಂದು ಕಾಲವನ್ನು ಕೆತ್ತಿರುವುದರಿಂದಲೇ ಶಿಲಾಹಾರರ ಆ ನಿರ್ಮಾಣವನ್ನು ಇಂದು ಇತಿಹಾಸಕಾರರು ಅದರ ಕಾಲದಲ್ಲಿಟ್ಟು ಅಧ್ಯಯನ ಮಾಡಬಲ್ಲರು. ಕಾಲವಿಲ್ಲದ ದಾಖಲೆ ಅರ್ಧ ದಾಖಲೆ.

ಹಳೆಯ ಪ್ರೋಗ್ರಾಂ ಒಂದಕ್ಕೆ ಈ ವ್ಯವಸ್ಥೆಯನ್ನು ಸೇರಿಸಲು ಹೊರಟವರು ಎಲ್ಲ ಸಾಲುಗಳನ್ನೂ ಒಂದೇ ದಿನ ಬದಲಿಸಲು ಯತ್ನಿಸುವುದು ಬೇಡ. ಮೊದಲು ಪ್ರೋಗ್ರಾಂ ಹೊರಗಿನ ಜಗತ್ತನ್ನು ಮುಟ್ಟುವ ಸ್ಥಳಗಳನ್ನು, ಅಂದರೆ ಕಡತ, ಜಾಲ, ಮಾಪಕ, ಕವಾಟಗಳೊಡನೆ ವ್ಯವಹರಿಸುವ ಭಾಗಗಳನ್ನು ಗುರುತಿಸಬೇಕು. ವೈಫಲ್ಯಗಳಲ್ಲಿ ಹೆಚ್ಚಿನವು ಅಲ್ಲಿಯೇ ಹುಟ್ಟುತ್ತವೆ. ‘ಏನೋ ತಪ್ಪಾಗಿದೆ’ ಎಂಬಂಥ ಸಂದೇಶದಿಂದ ಯಾರಿಗೂ ಪ್ರಯೋಜನವಿಲ್ಲ. ಯಾವ ಪಾತ್ರೆ, ಯಾವ ಮಾಪಕ, ಓದಿದ ಬೆಲೆ ಎಷ್ಟು, ಇರಬೇಕಾದುದೆಷ್ಟು ಎಂಬ ವಿವರ ಅದರಲ್ಲಿರಬೇಕು. ಕಡತವು ಗೊತ್ತಾದ ಗಾತ್ರವನ್ನು ಮುಟ್ಟಿದಾಗ ಹೊಸದನ್ನು ತೆರೆದು, ಅವಧಿ ಮೀರಿದ ಹಳೆಯವನ್ನು ತೆಗೆದುಹಾಕುವ ಏರ್ಪಾಡೂ ಆರಂಭದಿಂದಲೇ ಇರಬೇಕು. ಇಲ್ಲವಾದರೆ ಡಿಸ್ಕ್ ತುಂಬಿ, ಪ್ರೋಗ್ರಾಂಅನ್ನು ಕಾಯಬೇಕಾದ ದಿನಚರಿಯೇ ಅದನ್ನು ನಿಲ್ಲಿಸುತ್ತದೆ. ಬಳಿಕ ಪರೀಕ್ಷೆ. ಪರೀಕ್ಷೆಗೆಂದೇ ಇಟ್ಟ ಯಂತ್ರದಲ್ಲಿ ಉದ್ದೇಶಪೂರ್ವಕವಾಗಿ ಮಾಪಕದ ತಂತಿಯನ್ನು ಕಳಚಿ, ಸಂದೇಶ ಬಂದಿತೆ, ಸರಿಯಾದ ಹಂತದಲ್ಲಿ ಬಂದಿತೆ, ತಲುಪಬೇಕಾದವರ ದೂರವಾಣಿ ಮೊಳಗಿತೆ ಎಂಬುದನ್ನು ಒಂದೊಂದಾಗಿ ನೋಡಬೇಕು. ರಾತ್ರಿ ಪಾಳಿಯಲ್ಲಿ ದೂರವಾಣಿಯನ್ನು ಯಾರು ಎತ್ತಿಕೊಳ್ಳುತ್ತಾರೆಂಬುದೂ ಪರೀಕ್ಷೆಯ ಭಾಗವೇ. ಎಲ್ಲ ಮುಗಿದ ಮೇಲೆ, ಪರೀಕ್ಷೆಗಾಗಿ ದೋಷಶೋಧನೆಯ ಹಂತಕ್ಕೆ ಇಳಿಸಿದ್ದ ಮಿತಿಯನ್ನು ಮರೆಯದೆ ಮಾಹಿತಿಯ ಹಂತಕ್ಕೆ ಏರಿಸಿ, ಆ ಬದಲಾವಣೆಯನ್ನೂ, ಅದನ್ನು ಮಾಡಿದವರ ಹೆಸರನ್ನೂ, ಸಮಯವನ್ನೂ ಅದೇ ದಿನಚರಿಯಲ್ಲಿ ಒಂದು ಸಾಲಾಗಿ ಬರೆಸಬೇಕು.